ಸಿ ಲೈಬ್ರರಿಗೆ ಎಇಎಸ್: ಟಿಕೆಟ್ ಮೆಷಿನ್‌ಗೆ ಯಾವುದು, ಬೋಟಿಗೆ ಯಾವುದು, ಸರ್ವರ್‌ಗೆ ಯಾವುದು?

ಸಿ ಭಾಷೆಯಲ್ಲಿ ಎಇಎಸ್ (ಡೇಟಾವನ್ನು ಕೀ ಹಾಕಿ ಗುಟ್ಟು ಮಾಡುವ, ಎಲ್ಲ ಕಡೆ ಬಳಕೆಯಲ್ಲಿರುವ ಎನ್‌ಕ್ರಿಪ್ಷನ್ ವಿಧಾನ) ಇರುವ ಕ್ರಿಪ್ಟೊ ಲೈಬ್ರರಿ ಬರೆಯಲು ಕೂತವರು ಮೊದಲು ಕೇಳುವುದು "ಯಾವುದು ಫಾಸ್ಟ್?" ಎಂದು. ಸುರತ್ಕಲ್, ಮಣಿಪಾಲ ಕಡೆಯಿಂದ ಪ್ರಾಜೆಕ್ಟ್ ಹಿಡಿದುಕೊಂಡು ಬರುವ ಮಕ್ಕಳು ಕೇಳುವುದೂ ಅದನ್ನೇ. ನನ್ನ ಲೆಕ್ಕದಲ್ಲಿ ಅದು ಎರಡನೇ ಪ್ರಶ್ನೆ. ಮೊದಲನೆಯದು ಬೇರೆ: ಈ ಕೋಡ್ ಯಾವ ಚಿಪ್ ಮೇಲೆ ಓಡುತ್ತದೆ, ಅದೇ ಚಿಪ್ ಮೇಲೆ ಇನ್ಯಾರ ಕೋಡ್ ಓಡುತ್ತದೆ? ಇದಕ್ಕೆ ಉತ್ತರ ಸಿಕ್ಕಿದರೆ ಅರ್ಧ ಆಯ್ಕೆ ತನ್ನಷ್ಟಕ್ಕೆ ಮುಗಿಯುತ್ತದೆ.

ನಮ್ಮ ಕಡೆಯದೇ ಮೂರು ಉದಾಹರಣೆ ಇಟ್ಟುಕೊಳ್ಳೋಣ. ಒಂದು, ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಡುವ ಸಿಟಿ ಬಸ್ಸಿನ ಕಂಡಕ್ಟರ್ ಕೈಯ ಟಿಕೆಟ್ ಮೆಷಿನ್. ಒಳಗೆ ಸಣ್ಣ ಮೈಕ್ರೊಕಂಟ್ರೋಲರ್, ಕಡಿಮೆ ರ್‍ಯಾಮ್, ಎಇಎಸ್‌ಗೆ ಅಂತ ಬೇರೆ ಹಾರ್ಡ್‌ವೇರ್ ಇಲ್ಲ. ಎರಡು, ಮಲ್ಪೆಯಿಂದ ಕಡಲಿಗೆ ಇಳಿಯುವ ಬೋಟಿನಲ್ಲಿ ಕೂತು ಆಗಾಗ ಜಾಗ ತಿಳಿಸುವ ಪೆಟ್ಟಿಗೆ. ಅದರಲ್ಲಿ ಇಎಸ್‌ಪಿ32 ಜಾತಿಯ, ಎಇಎಸ್ ಹಾರ್ಡ್‌ವೇರ್ ಇರುವ ಚಿಪ್ ಇದೆ ಅಂದುಕೊಳ್ಳಿ. ಮೂರು, ಇವೆರಡರ ಡೇಟಾ ಬಂದು ಬೀಳುವ ಸರ್ವರ್. ಅದು ಬಾಡಿಗೆಯ ಕ್ಲೌಡ್ ಮೆಷಿನ್. ಅದೇ ಹಾರ್ಡ್‌ವೇರ್‌ನಲ್ಲಿ ಪಕ್ಕದ ಬಾಡಿಗೆದಾರ ಯಾರು ಅಂತ ನಿಮಗೆ ಗೊತ್ತಿಲ್ಲ.

ಬರೆಯಲೇಬೇಕಾ?

ಕಲಿಯಲಿಕ್ಕಾದರೆ ಧಾರಾಳ ಬರೆಯಿರಿ. ದುಡ್ಡು ಓಡಾಡುವ ಜಾಗಕ್ಕಾದರೆ ಮೊದಲು ಈಗಾಗಲೇ ಇರುವ ಲೈಬ್ರರಿಗಳನ್ನು ನೋಡಿ. ಬೇರ್‌ಎಸ್‌ಎಸ್‌ಎಲ್ ಎಂಐಟಿ ಲೈಸೆನ್ಸ್‌ನದು. ಮ್ಯಾಲಕ್ ಬಳಸುವುದಿಲ್ಲ, ಕಾನ್‌ಸ್ಟಂಟ್-ಟೈಮ್ ಎಇಎಸ್ (ಕೀ, ಡೇಟಾ ಏನೇ ಇದ್ದರೂ ಒಂದೇ ಸಮಯ ತೆಗೆದುಕೊಳ್ಳುವುದು) ಅದರಲ್ಲಿ ಉಂಟು. ಅದರ ಕೋಡ್ ಓದುವುದೇ ಒಂದು ಪಾಠ. ಹಿಂದೆ ಪೋಲಾರ್‌ಎಸ್‌ಎಸ್‌ಎಲ್ ಅಂತ ಇದ್ದ ಎಂಬೆಡ್ ಟಿಎಲ್‌ಎಸ್ ಸಾಫ್ಟ್‌ವೇರ್ ಎಇಎಸ್‌ಗೆ ಮೊದಲೇ ಲೆಕ್ಕ ಹಾಕಿಟ್ಟ ಟೇಬಲ್‌ಗಳನ್ನೇ ನಂಬುತ್ತದೆ, ಅದರ ತೊಂದರೆ ಮುಂದೆ ಹೇಳುತ್ತೇನೆ. ಟೇಬಲ್ ಕಡಿಮೆ ಮಾಡಲು, ರ್‍ಯಾಮ್ ಬಿಟ್ಟು ರೋಮ್‌ನಲ್ಲಿ ಇಡಲು ಅದರಲ್ಲಿ ಕಂಪೈಲ್ ಆಯ್ಕೆಗಳಿವೆ. ಟೈನಿ-ಎಇಎಸ್-ಸಿ ತೀರಾ ಚಿಕ್ಕದು, ಓದಲು ಸುಲಭ. ಆದರೆ ಅದೂ ಟೇಬಲ್ ನೋಡುವ ಕೋಡ್, ಸಂದೇಶ ತಿದ್ದಿದ್ದನ್ನು ಹಿಡಿಯುವ ಮೋಡ್ (ಸೈಫರನ್ನು ಸಂದೇಶದ ಮೇಲೆ ಬಳಸುವ ಕ್ರಮ) ಅದರಲ್ಲಿ ಇಲ್ಲ. ಇವುಗಳಲ್ಲಿ ಒಂದು ನಿಮ್ಮ ಫ್ಲ್ಯಾಶ್‌ಗೂ ಲೈಸೆನ್ಸ್‌ಗೂ ಹೊಂದಿದರೆ ಸುಮ್ನೆ ಅದನ್ನೇ ತೆಗೆದುಕೊಳ್ಳಿ. ಹೊಂದದಿದ್ದರೆ ಮುಂದೆ ಓದಿ.

ಸೈಫರ್ ಯಾವುದು?

ಇಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕಾಗಿಲ್ಲ. ಬ್ಲಾಕ್ ಸೈಫರ್ (ಡೇಟಾವನ್ನು ಒಂದೇ ಅಳತೆಯ ತುಂಡು ಮಾಡಿ ಎನ್‌ಕ್ರಿಪ್ಟ್ ಮಾಡುವ ವಿಧಾನ) ಬೇಕಾದರೆ ಎಇಎಸ್. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 1997ರಲ್ಲಿ ಸ್ಪರ್ಧೆ ಕರೆದು, ಬಂದ 15ರಲ್ಲಿ 5ನ್ನು ಕೊನೆಯ ಸುತ್ತಿಗೆ ಇಟ್ಟುಕೊಂಡು, ಬೆಲ್ಜಿಯಂನ ಡೇಮನ್ ಮತ್ತು ರೈಮನ್ ಅವರ ರೈನ್‌ಡಾಲ್ ಆರಿಸಿತು. 2001ರಲ್ಲಿ ಅದು ಫಿಪ್ಸ್ 197 ಎಂಬ ಮಾನದಂಡವಾಗಿ ಬಂತು. ಬ್ಲಾಕ್ 128 ಬಿಟ್. ಕೀ 128, 192 ಅಥವಾ 256 ಬಿಟ್, ಅದಕ್ಕೆ ತಕ್ಕಂತೆ 10, 12, 14 ರೌಂಡ್, ಅಂದರೆ ಬ್ಲಾಕನ್ನು ಅಷ್ಟು ಸಲ ಕಲಸುವುದು. ಸ್ಪರ್ಧೆಯ ಕೊನೆಯ ಸುತ್ತಿನಲ್ಲಿ ಜೊತೆಗಿದ್ದ ಸರ್ಪೆಂಟ್, ಟೂಫಿಶ್ ಇವತ್ತಿಗೂ ಒಳ್ಳೆಯ ಸೈಫರ್‌ಗಳೇ. ಆದರೆ ಅವಕ್ಕೆ ಚಿಪ್‌ನಲ್ಲಿ ಹಾರ್ಡ್‌ವೇರ್ ಸಿಗುವುದಿಲ್ಲ. ಜಪಾನಿನ ಕ್ಯಾಮೆಲಿಯಾ, ಕೊರಿಯಾದ ಏರಿಯಾ, ಚೀನಾದ ಎಸ್‌ಎಂ4 ಇವನ್ನೆಲ್ಲ ಆಚೆ ಬದಿಯವರು ಕೇಳಿದರೆ ಮಾತ್ರ ಹಾಕಿ.

"ಚಿಪ್ ಸಣ್ಣದು, ಹಾಗಾಗಿ 64 ಬಿಟ್ ಬ್ಲಾಕ್ ಸಾಕು" ಎಂಬ ವಾದ ಆಗಾಗ ಬರುತ್ತದೆ. ಪ್ರೆಸೆಂಟ್, ಹಳೆಯ ತ್ರಿಬಲ್ ಡಿಇಎಸ್, ಬ್ಲೋಫಿಶ್ ಎಲ್ಲ 64 ಬಿಟ್ ಬ್ಲಾಕ್‌ನವು. ಒಂದೇ ಕೀಯಲ್ಲಿ ಸುಮಾರು 32 ಗಿಗಾಬೈಟ್ ಡೇಟಾ ಹೋಗುವಷ್ಟರಲ್ಲಿ ಎರಡು ಬ್ಲಾಕ್ ಒಂದೇ ಥರ ಬರುವ ಸಂಭವ ಜೋರಾಗುತ್ತದೆ. 2016ರ ಸ್ವೀಟ್32 ದಾಳಿ ತೋರಿಸಿದ್ದು ಅದನ್ನೇ. ಟಿಕೆಟ್ ಮೆಷಿನ್ ಅಷ್ಟು ಡೇಟಾ ಯಾವತ್ತೂ ಕಳಿಸಲಿಕ್ಕಿಲ್ಲ, ನಿಜ. ಆದರೆ ಲೈಬ್ರರಿ ಬರೆಯುವವರಿಗೆ ಅದನ್ನು ನಾಳೆ ಯಾರು ಎಲ್ಲಿ ಬಳಸುತ್ತಾರೆ ಅಂತ ಗೊತ್ತಿರುವುದಿಲ್ಲ ಅಲ್ವಾ? ತ್ರಿಬಲ್ ಡಿಇಎಸ್‌ನಲ್ಲಿ ಹೊಸದಾಗಿ ಎನ್‌ಕ್ರಿಪ್ಟ್ ಮಾಡುವುದನ್ನು ಎನ್‌ಐಎಸ್‌ಟಿ 2023ರ ಕೊನೆಗೆ ನಿಲ್ಲಿಸಿಯೇ ಬಿಟ್ಟಿತು.

ಚಾಚಾ20 ಬ್ಲಾಕ್ ಸೈಫರ್ ಅಲ್ಲ, ಸ್ಟ್ರೀಮ್ ಸೈಫರ್ (ಕೀಯಿಂದ ರ್‍ಯಾಂಡಮ್‌ನಂಥ ಬೈಟ್‌ಗಳನ್ನು ಹುಟ್ಟಿಸಿ ಡೇಟಾ ಜೊತೆ ಎಕ್ಸಾರ್ ಮಾಡುವುದು). ಆದರೂ ಹೋಲಿಕೆಯಲ್ಲಿ ಬರಲೇಬೇಕು. ಕೂಡಿಸುವುದು, ತಿರುಗಿಸುವುದು, ಎಕ್ಸಾರ್ ಮಾಡುವುದು, ಅಷ್ಟೇ ಅದರ ಕೆಲಸ. ಟೇಬಲ್ ಇಲ್ಲ, ಹಾಗಾಗಿ ಮುಂದೆ ಹೇಳುವ ತಲೆನೋವಿನಲ್ಲಿ ಬಹುಪಾಲು ಇಲ್ಲ. ಎರಡೂ ತುದಿ ನಿಮ್ಮದೇ ಆಗಿದ್ದು, ಎಇಎಸ್ ಬೇಕು ಅಂತ ಯಾರೂ ಷರತ್ತು ಹಾಕಿಲ್ಲ, ಚಿಪ್‌ನಲ್ಲಿ ಎಇಎಸ್ ಹಾರ್ಡ್‌ವೇರ್ ಕೂಡ ಇಲ್ಲ ಅಂದರೆ ನಾನು ಚಾಚಾ20ಯನ್ನೇ ಆರಿಸುತ್ತೇನೆ. ರಾಸ್ಪ್‌ಬೆರಿ ಪೈ 4 ಅಂಥದೇ ಕೇಸ್. ಪ್ರೊಸೆಸರ್ ಹೊಸ ತಲೆಮಾರಿನದು, ಆದರೆ ಎಇಎಸ್ ಇನ್‌ಸ್ಟ್ರಕ್ಷನ್ ಕೊಟ್ಟಿಲ್ಲ. ಪೈ 5ರಲ್ಲಿ ಇದೆ.

ಎಇಎಸ್ ಬರೆಯುವ ನಾಲ್ಕು ದಾರಿ

ಮೊದಲನೆಯದು ಪುಸ್ತಕದಲ್ಲಿ ಇದ್ದ ಹಾಗೆ ಬೈಟ್ ಬೈಟ್ ಬರೆಯುವುದು. 256 ಬೈಟಿನ ಎಸ್-ಬಾಕ್ಸ್ ಒಂದು, ಅಂದರೆ ಒಂದು ಬೈಟಿನ ಬದಲು ಇನ್ನೊಂದನ್ನು ಕೊಡುವ ಟೇಬಲ್. ಸಾಲು ಸರಿಸುವುದು, ಕಾಲಂ ಕಲಸುವುದು, ರೌಂಡ್ ಕೀ (ಮೂಲ ಕೀಯಿಂದ ಆ ರೌಂಡಿಗೆಂದು ತೆಗೆದದ್ದು) ಎಕ್ಸಾರ್ ಮಾಡುವುದು. ಕಾಲಂ ಕಲಸುವಾಗ ಒಂದು ಬೈಟನ್ನು ಎರಡರಿಂದ ಗುಣಿಸಬೇಕಾಗುತ್ತದೆ. ಮಾಮೂಲಿ ಗುಣಾಕಾರ ಅಲ್ಲ: ಒಂದು ಬಿಟ್ ಎಡಕ್ಕೆ ಸರಿಸಿ, ಮೇಲಿನ ಬಿಟ್ ಹೊರಗೆ ಬಿದ್ದಿದ್ದರೆ 27ನ್ನು ಎಕ್ಸಾರ್ ಮಾಡಬೇಕು. ಎಲ್ಲರೂ ಮೊದಲು ಇದಕ್ಕೆ "ಇಫ್" ಹಾಕುತ್ತಾರೆ. ಹಾಕಬಾರದು. ಯಾಕೆಂದರೆ ಆ ಇಫ್ ಹೌದಾ ಅಲ್ಲವಾ ಎನ್ನುವುದು ಗುಟ್ಟಿನ ಡೇಟಾ ಮೇಲೆ ನಿಂತಿದೆ, ಹೌದಾದರೆ ಒಂದು ಸಮಯ, ಅಲ್ಲವಾದರೆ ಇನ್ನೊಂದು. ಅದರ ಬದಲು ಬೈಟನ್ನು ಬಲಕ್ಕೆ 7 ಬಿಟ್ ಸರಿಸಿ. ಸಿಗುವುದು ಸೊನ್ನೆ ಅಥವಾ ಒಂದು. ಅದನ್ನು 27ರಿಂದ ಗುಣಿಸಿ ಎಕ್ಸಾರ್ ಮಾಡಿ. ಇಫ್ ಮಾಯ. ಕೊನೆಗೆ 8 ಬಿಟ್‌ಗೆ ಕತ್ತರಿಸಲು ಮರೆಯಬೇಡಿ. ಸಿಯಲ್ಲಿ ಬೈಟನ್ನು ಸರಿಸಿದ ಕೂಡಲೇ ಅದು ಇಂಟ್ ಆಗಿ ದೊಡ್ಡದಾಗಿರುತ್ತದೆ. ಗುಣಾಕಾರಕ್ಕೆ ತೆಗೆದುಕೊಳ್ಳುವ ಸಮಯ ಸಂಖ್ಯೆಯ ಮೇಲೆ ಬದಲಾಗುವ ಚಿಪ್‌ಗಳೂ ಇವೆ. ಅಲ್ಲಿ ಗುಣಿಸುವ ಬದಲು ಆ ಒಂದನ್ನು ಋಣ ಮಾಡಿ ಮಾಸ್ಕ್ ಆಗಿ ಬಳಸಿ.

ಈ ದಾರಿ ನಿಧಾನ. ಕೋಡ್ ಚಿಕ್ಕದು, ಓದಿದರೆ ಅರ್ಥ ಆಗುತ್ತದೆ. ಬೇರೆ ಯಾವ ದಾರಿ ಹಿಡಿದರೂ ಇದನ್ನು ಮೊದಲು ಬರೆದು ಇಟ್ಟುಕೊಳ್ಳಿ. ಯಾಕೆ ಅಂತ ಟೆಸ್ಟ್ ವಿಷಯ ಬಂದಾಗ ಗೊತ್ತಾಗುತ್ತದೆ.

ಎರಡನೆಯದು ಟಿ-ಟೇಬಲ್. ಎಸ್-ಬಾಕ್ಸ್ ನೋಡುವುದು, ಕಾಲಂ ಕಲಸುವುದು ಎರಡನ್ನೂ ಮೊದಲೇ ಲೆಕ್ಕ ಹಾಕಿ 1 ಕಿಲೋಬೈಟಿನ ನಾಲ್ಕು ಟೇಬಲ್‌ಗಳಲ್ಲಿ ಇಡುವುದು. ಒಂದು ರೌಂಡ್ ಅಂದರೆ 16 ಸಲ ಟೇಬಲ್ ನೋಡಿ ಎಕ್ಸಾರ್ ಮಾಡಿದರೆ ಮುಗಿಯಿತು. ಡಿಕ್ರಿಪ್ಟ್‌ಗೆ ಇನ್ನೂ 4 ಕಿಲೋಬೈಟ್. ಹಾರ್ಡ್‌ವೇರ್ ಸಹಾಯ ಇಲ್ಲದ ಕಾಲದಲ್ಲಿ ಎಲ್ಲರೂ ಇದನ್ನೇ ಬಳಸುತ್ತಿದ್ದರು. ಹಳೆಯ ಟ್ಯುಟೋರಿಯಲ್‌ಗಳಲ್ಲಿ ಇವತ್ತಿಗೂ "ಫಾಸ್ಟ್ ಎಇಎಸ್" ಅಂತ ಸಿಗುವುದು ಇದೇ.

ಸಮಸ್ಯೆ ಕ್ಯಾಶೆಯದು, ಅಂದರೆ ಪ್ರೊಸೆಸರ್ ಪಕ್ಕದ ಸಣ್ಣ, ಚುರುಕಿನ ಮೆಮೊರಿಯದು. ರಥಬೀದಿಯ ದಿನಸಿ ಅಂಗಡಿಯಲ್ಲಿ ಕೌಂಟರ್ ಮೇಲಿದ್ದ ಸಾಮಾನು ಕೂಡಲೇ ಕೈಗೆ ಬರುತ್ತದೆ, ಹಿಂದಿನ ಗೋದಾಮಿನದಾದರೆ ತಡ. ಒಳಗೆ ಹೋಗಿ ನೋಡದೆಯೇ, ಎಷ್ಟು ಹೊತ್ತಾಯಿತು ಎಂಬುದರಿಂದಲೇ ಸಾಮಾನು ಎಲ್ಲಿತ್ತು ಅಂತ ಹೇಳಬಹುದು. ಟೇಬಲ್‌ನದೂ ಅದೇ ಕಥೆ. ಲೆಕ್ಕ ನೋಡಿ. ಕ್ಯಾಶೆಯ ಒಂದು ಲೈನ್ ಸಾಮಾನ್ಯವಾಗಿ 64 ಬೈಟ್. ಟೇಬಲ್‌ನ ಒಂದು ಮನೆ 4 ಬೈಟ್. ಅಂದರೆ ಒಂದು ಲೈನಿನಲ್ಲಿ 16 ಮನೆ, ಇಡೀ ಟೇಬಲ್‌ಗೆ 16 ಲೈನ್. ಯಾವ ಲೈನ್ ಮುಟ್ಟಿದ್ದು ಅಂತ ಗೊತ್ತಾದರೆ ಮನೆ ನಂಬರಿನ ಮೇಲಿನ 4 ಬಿಟ್ ಸಿಕ್ಕಿತು. ಮೊದಲ ರೌಂಡಿನಲ್ಲಿ ಆ ಮನೆ ನಂಬರ್ ಅಂದರೆ ಸಂದೇಶದ ಬೈಟ್ ಮತ್ತು ಕೀಯ ಬೈಟ್ ಎಕ್ಸಾರ್ ಮಾಡಿದ್ದು, ಬೇರೇನಲ್ಲ. ಸಂದೇಶ ಗೊತ್ತಿದ್ದವನಿಗೆ ಕೀಯ ಪ್ರತಿ ಬೈಟಿನ ಅರ್ಧ ಸಿಗುತ್ತದೆ. 16 ಬೈಟಿಗೆ 64 ಬಿಟ್, ಅಂದರೆ 128 ಬಿಟ್ ಕೀಯ ಸರಿ ಅರ್ಧ. ಉಳಿದದ್ದನ್ನು ಎರಡನೇ ರೌಂಡ್‌ನಿಂದ ಎಳೆಯುತ್ತಾರೆ. ಇದು ಬರೀ ಕಾಗದದ ಮೇಲಿನ ಲೆಕ್ಕ ಅಲ್ಲ. 2005ರಲ್ಲಿ ಬರ್ನ್‌ಸ್ಟೈನ್ ಸಮಯ ಅಳೆದೇ ಎಇಎಸ್ ಕೀ ತೆಗೆದು ತೋರಿಸಿದರು. ಅದೇ ಹೊತ್ತಿಗೆ ಓಸ್ವಿಕ್, ಶಮೀರ್, ಟ್ರೋಮರ್ ಲಿನಕ್ಸ್‌ನ ಡಿಸ್ಕ್ ಎನ್‌ಕ್ರಿಪ್ಷನ್ ಕೀಯನ್ನು 65 ಮಿಲಿಸೆಕೆಂಡಿನ ಅಳತೆಯಿಂದ ಹೊರಗೆ ತಂದರು.

ಹಾಗಾಗಿ ಬಾಡಿಗೆಯ ಸರ್ವರ್‌ಗೆ ಟಿ-ಟೇಬಲ್ ಬೇಡ. ಬೇಡವೇ ಬೇಡ. "ಸರಿ ಹಾಗಾದರೆ, ಬರೀ 256 ಬೈಟಿನ ಎಸ್-ಬಾಕ್ಸ್ ಆದರೆ ಪರವಾಗಿಲ್ವಾ?" ಅಂತ ಕೇಳುವವರಿದ್ದಾರೆ. ಅದು ನಾಲ್ಕು ಲೈನಿನಲ್ಲಿ ಹಿಡಿಯುತ್ತದೆ. ಒಂದು ಸಲಕ್ಕೆ 4 ಬಿಟ್ ಬದಲು 2 ಬಿಟ್ ಸೋರುತ್ತದೆ. ಕಡಿಮೆ ಸೋರುವುದು ಅಂದರೆ ಸೋರುವುದೇ ಅಲ್ವಾ ಮಾರಾಯ್ರೆ.

ಟಿಕೆಟ್ ಮೆಷಿನ್‌ನ ಸಣ್ಣ ಚಿಪ್‌ನಲ್ಲಿ ಡೇಟಾ ಕ್ಯಾಶೆ ಇಲ್ಲದಿದ್ದರೆ, ಟೇಬಲ್ ರ್‍ಯಾಮ್‌ನಲ್ಲಿದ್ದರೆ, ಈ ದಾಳಿಗೆ ಜಾಗವೇ ಇಲ್ಲ ಎಂಬ ವಾದದಲ್ಲಿ ಹುರುಳಿದೆ. ಆದರೆ ರ್‍ಯಾಮ್ ಎಲ್ಲಿಂದ ತರುವುದು? ಫ್ಲ್ಯಾಶ್‌ನಲ್ಲಿ ಇಟ್ಟರೆ ಕೆಲವು ಚಿಪ್‌ಗಳಲ್ಲಿ ಫ್ಲ್ಯಾಶ್ ಓದುವುದನ್ನು ಚುರುಕು ಮಾಡಲು ಸಣ್ಣ ಕ್ಯಾಶೆ ಕೊಟ್ಟಿರುತ್ತಾರೆ, ಮತ್ತೆ ಅದೇ ತಾಪತ್ರಯ. ಚಿಪ್‌ನ ಡೇಟಾಶೀಟ್ ಓದದೆ "ನಮ್ಮದರಲ್ಲಿ ಕ್ಯಾಶೆ ಇಲ್ಲ" ಅನ್ನಬೇಡಿ.

ಮೂರನೆಯದು ಬಿಟ್‌ಸ್ಲೈಸ್. 1997ರಲ್ಲಿ ಬಿಹಾಮ್ ಡಿಇಎಸ್‌ಗೆ ತೋರಿಸಿದ ಉಪಾಯ. ಬೈಟ್‌ಗಳನ್ನು ಬಿಡಿಸಿ, ಎಲ್ಲ ಬೈಟ್‌ಗಳ ಸೊನ್ನೆಯ ಬಿಟ್ ಒಂದು ರಿಜಿಸ್ಟರಿಗೆ, ಒಂದನೆಯ ಬಿಟ್ ಇನ್ನೊಂದಕ್ಕೆ, ಹೀಗೆ ಎಂಟು ರಿಜಿಸ್ಟರಿಗೆ ತುಂಬುವುದು. ಆಮೇಲೆ ಎಸ್-ಬಾಕ್ಸ್ ಟೇಬಲ್ ಅಲ್ಲ, ಆಂಡ್, ಎಕ್ಸಾರ್‌ಗಳ ಸರ್ಕ್ಯೂಟ್. ಬೊಯಾರ್ ಮತ್ತು ಪೆರಾಲ್ಟಾ ಅದನ್ನು ಸುಮಾರು 115 ಗೇಟಿಗೆ ಇಳಿಸಿದ್ದಾರೆ. ಗುಟ್ಟಿನ ಡೇಟಾದಿಂದ ಮೆಮೊರಿ ವಿಳಾಸ ಹುಟ್ಟುವುದಿಲ್ಲ, ಇಫ್ ಹುಟ್ಟುವುದಿಲ್ಲ. ಸಮಯ ಒಂದೇ.

ಇದರಲ್ಲಿ ಒಂದು ಲೆಕ್ಕ ಹಲವರಿಗೆ ತಪ್ಪಿಹೋಗುತ್ತದೆ. 32 ಬಿಟ್ ರಿಜಿಸ್ಟರ್ 8 ಇದ್ದರೆ ಒಟ್ಟು 256 ಬಿಟ್, ಅಂದರೆ ಒಂದು ಸಲಕ್ಕೆ ಎರಡು ಬ್ಲಾಕ್. 64 ಬಿಟ್ ಆದರೆ ನಾಲ್ಕು. 128 ಬಿಟ್ ಆದರೆ ಎಂಟು. ಸಿಬಿಸಿ ಮೋಡ್‌ನಲ್ಲಿ ಎನ್‌ಕ್ರಿಪ್ಟ್ ಮಾಡುವಾಗ ಹಿಂದಿನ ಬ್ಲಾಕ್ ಮುಗಿಯದೆ ಮುಂದಿನದು ಶುರುವಾಗುವುದಿಲ್ಲ. ಆಗ ನಾಲ್ಕು ಬ್ಲಾಕಿನ ಯಂತ್ರದಲ್ಲಿ ಮೂರು ಪಾಲು ಖಾಲಿ ಓಡುತ್ತದೆ. ಸಿಟಿಆರ್ ಮೋಡ್ ಆದರೆ ಎನ್‌ಕ್ರಿಪ್ಟ್ ಮಾಡುವುದು ಕೌಂಟರ್ ಸಂಖ್ಯೆಗಳನ್ನು, ಹಾಗಾಗಿ ಎಲ್ಲ ಬ್ಲಾಕ್ ಒಟ್ಟಿಗೆ. ಬಿಟ್‌ಸ್ಲೈಸ್ ನಿಧಾನ ಅಂತ ದೂರುವವರಲ್ಲಿ ಕೆಲವರು ಅಳೆದಿರುವುದು ಸಿಬಿಸಿಯಲ್ಲಿ.

ನಾಲ್ಕನೆಯದು ಹಾರ್ಡ್‌ವೇರ್. ಇಂಟೆಲ್‌ನ ಎಇಎಸ್-ಎನ್‌ಐ 2010ರ ವೆಸ್ಟ್‌ಮಿಯರ್ ಚಿಪ್‌ಗಳಿಂದ ಉಂಟು. ಒಂದು ರೌಂಡಿಗೆ ಒಂದು ಇನ್‌ಸ್ಟ್ರಕ್ಷನ್. 128 ಬಿಟ್ ಕೀಗೆ ಮೊದಲು ಒಂದು ಎಕ್ಸಾರ್, ಆಮೇಲೆ 9 ರೌಂಡ್, ಕೊನೆಯ ರೌಂಡಿಗೆ ಬೇರೆ ಇನ್‌ಸ್ಟ್ರಕ್ಷನ್. ವೇಗದಲ್ಲಿ ಬೇರೆ ಮೂರಕ್ಕೂ ಇದರ ಹತ್ತಿರ ಬರಲಿಕ್ಕಾಗುವುದಿಲ್ಲ, ಕ್ಯಾಶೆ ಕಾಟವೂ ಇಲ್ಲ. ಆರ್ಮ್‌ನಲ್ಲೂ ಇದೆ, ಆದರೆ ಕ್ರಮ ಬೇರೆ: ಅಲ್ಲಿ ರೌಂಡ್ ಕೀ ಎಕ್ಸಾರ್ ಮೊದಲು ಆಗಿ ಆಮೇಲೆ ಎಸ್-ಬಾಕ್ಸ್. ಕೊನೆಯ ಕೀಯನ್ನು ನೀವೇ ಬೇರೆ ಎಕ್ಸಾರ್ ಮಾಡಬೇಕು. ಇಂಟೆಲ್ ಕೋಡನ್ನು ಸಾಲಿಗೆ ಸಾಲು ಆರ್ಮ್‌ಗೆ ತಿರುಗಿಸಲು ಹೋದವರು ಸಿಕ್ಕಿಬೀಳುವುದು ಇಲ್ಲೇ.

ಇನ್ನೊಂದು. ಎಇಎಸ್ ಕಂಪೈಲ್ ಫ್ಲ್ಯಾಗನ್ನು ಆ ಒಂದು ಫೈಲಿಗೆ ಮಾತ್ರ ಕೊಡಿ, ಇಡೀ ಲೈಬ್ರರಿಗೆ ಅಲ್ಲ. ಓಡುವಾಗ ಸಿಪಿಯುವನ್ನು ಕೇಳಿ, ಇದ್ದರೆ ಆ ದಾರಿ, ಇಲ್ಲದಿದ್ದರೆ ಬಿಟ್‌ಸ್ಲೈಸ್. ಕೇಳದೆ ನುಗ್ಗಿದರೆ ಹಳೆಯ ಮೆಷಿನ್‌ನಲ್ಲಿ "ಇಲ್ಲೀಗಲ್ ಇನ್‌ಸ್ಟ್ರಕ್ಷನ್" ಅಂತ ಪ್ರೋಗ್ರಾಂ ಸತ್ತು ಬೀಳುತ್ತದೆ. ಇಎಸ್‌ಪಿ32ರ ಹಾರ್ಡ್‌ವೇರ್ ಬೇರೆ ಥರ, ಅದು ಪ್ರೊಸೆಸರಿನ ಹೊರಗಿನ ಒಂದು ಘಟಕ. ಎರಡು ಟಾಸ್ಕ್ ಒಟ್ಟಿಗೆ ಮುಟ್ಟಿದರೆ ಕೀ ಒಬ್ಬರದು, ಡೇಟಾ ಇನ್ನೊಬ್ಬರದು ಆಗುತ್ತದೆ. ಬೀಗ ಹಾಕಿ ಬಳಸಿ.

ಮೋಡ್ ಸಹ ಆಯ್ಕೆಯ ಭಾಗ

ಬರೀ ಬ್ಲಾಕ್ ಸೈಫರ್ ಯಾರಿಗೂ ಬೇಡ, ಜನ ಬಳಸುವುದು ಮೋಡ್. ಇಸಿಬಿಯನ್ನು (ಪ್ರತಿ ಬ್ಲಾಕನ್ನು ಬೇರೆ ಬೇರೆಯಾಗಿ ಎನ್‌ಕ್ರಿಪ್ಟ್ ಮಾಡುವ ಮೋಡ್) ಹೊರಗಿನವರಿಗೆ ಕಾಣುವ ಹಾಗೆ ಇಡಲೇಬೇಡಿ. ಅದೇ ದರದ ಟಿಕೆಟ್ ಅದೇ ಥರ ಕಾಣುತ್ತದೆ. ಸಂದೇಶ ತಿದ್ದಿದ್ದನ್ನು ಹಿಡಿಯುವ ಮೋಡ್‌ಗಳಲ್ಲಿ ಮುಖ್ಯವಾಗಿ ಎರಡು: ಜಿಸಿಎಂ ಮತ್ತು ಸಿಸಿಎಂ. ಎರಡಕ್ಕೂ ಎಇಎಸ್‌ನ ಎನ್‌ಕ್ರಿಪ್ಟ್ ದಿಕ್ಕು ಮಾತ್ರ ಸಾಕು. ಡಿಕ್ರಿಪ್ಟ್ ಕೋಡ್, ಉಲ್ಟಾ ಎಸ್-ಬಾಕ್ಸ್ ಎಲ್ಲ ಬಿಟ್ಟುಬಿಡಬಹುದು. ಸಣ್ಣ ಫ್ಲ್ಯಾಶ್‌ನವರಿಗೆ ಇದು ದೊಡ್ಡ ಉಳಿತಾಯ.

ಜಿಸಿಎಂಗೆ ಎಇಎಸ್ ಅಲ್ಲದೆ ಇನ್ನೊಂದು ಗುಣಾಕಾರ ಬೇಕು. ಸರ್ವರಿನಲ್ಲಿ ಅದಕ್ಕೂ ಇನ್‌ಸ್ಟ್ರಕ್ಷನ್ ಇದೆ, ಸಣ್ಣ ಚಿಪ್‌ನಲ್ಲಿ ಇಲ್ಲ. ಅಲ್ಲಿ ಟೇಬಲ್ ಹಾಕಿದರೆ ಎಇಎಸ್‌ನಲ್ಲಿ ಮುಚ್ಚಿದ ತೂತು ಇಲ್ಲಿ ತೆರೆದ ಹಾಗಾಯಿತು. ಸಿಸಿಎಂನಲ್ಲಿ ಎನ್‌ಕ್ರಿಪ್ಟ್ ಮಾಡುವುದು, ತಿದ್ದಿದ್ದನ್ನು ಹಿಡಿಯುವ ಟ್ಯಾಗ್ ಲೆಕ್ಕ ಹಾಕುವುದು ಎರಡೂ ಕೆಲಸಕ್ಕೆ ಎಇಎಸ್ ಒಂದೇ. ಅದರ ಸಿಬಿಸಿ-ಮ್ಯಾಕ್ ಸರಣಿ (ಟ್ಯಾಗ್ ಲೆಕ್ಕ ಹಾಕುವ ಭಾಗ) ಬಿಟ್‌ಸ್ಲೈಸ್‌ಗೆ ಒಗ್ಗುವುದಿಲ್ಲ ಅನಿಸಬಹುದು. ಆದರೆ 32 ಬಿಟ್ ಬಿಟ್‌ಸ್ಲೈಸ್‌ನಲ್ಲಿ ಎರಡು ಬ್ಲಾಕಿಗೆ ಜಾಗ ಇದೆಯಲ್ಲ, ಒಂದರಲ್ಲಿ ಸಿಟಿಆರ್ ಬ್ಲಾಕ್, ಇನ್ನೊಂದರಲ್ಲಿ ಮ್ಯಾಕ್ ಬ್ಲಾಕ್ ಕೂರಿಸಿ. ಒಂದು ಹನಿಯೂ ವ್ಯರ್ಥ ಇಲ್ಲ. ಟಿಕೆಟ್ ಮೆಷಿನ್‌ಗೆ ಇದಕ್ಕಿಂತ ಚಂದದ ಜೋಡಿ ನನಗೆ ಗೊತ್ತಿಲ್ಲ.

ಎರಡರಲ್ಲೂ ಒಂದೇ ಕೀಯಲ್ಲಿ ಒಂದೇ ನಾನ್ಸ್ (ಪ್ರತಿ ಸಂದೇಶಕ್ಕೂ ಕೊಡುವ ಬೇರೆ ಬೇರೆ ಸಂಖ್ಯೆ) ಎರಡು ಸಲ ಬರಬಾರದು. ಬಂದರೆ ಎರಡು ಸಂದೇಶಗಳ ಎಕ್ಸಾರ್ ಹೊರಗೆ ಬೀಳುತ್ತದೆ. ಬೋಟಿನ ಪೆಟ್ಟಿಗೆ ಬ್ಯಾಟರಿ ಹೋಗಿ ಮತ್ತೆ ಎದ್ದಾಗ ನಾನ್ಸ್ ಎಣಿಸುವ ಕೌಂಟರ್ ಸೊನ್ನೆಯಿಂದ ಶುರುವಾದರೆ ಆಗುವುದು ಅದೇ. ಪ್ರತಿ ಸಲ ಫ್ಲ್ಯಾಶ್‌ಗೆ ಬರೆದರೆ ಫ್ಲ್ಯಾಶ್ ಸವೆಯುತ್ತದೆ. ಸಾವಿರ ನಂಬರನ್ನು ಒಟ್ಟಿಗೆ ಕಾದಿರಿಸಿ ಮುಂದಿನ ಗಡಿಯನ್ನು ಫ್ಲ್ಯಾಶ್‌ನಲ್ಲಿ ಬರೆಯಿರಿ, ಎದ್ದ ಮೇಲೆ ಆ ಗಡಿಯಿಂದ ಶುರು ಮಾಡಿ. ಕೆಲವು ನಂಬರ್ ಹಾಳಾಗುತ್ತದೆ, ಆಗಲಿ.

ಸಿ ಭಾಷೆಯ ಗುಂಡಿಗಳು

ಎಇಎಸ್ ಸರಿ ಇದ್ದೂ ಲೈಬ್ರರಿ ಕೆಡುವುದು ಇಲ್ಲಿ. ಬೈಟ್ ಪಾಯಿಂಟರನ್ನು 32 ಬಿಟ್ ಪಾಯಿಂಟರಿಗೆ ಕಾಸ್ಟ್ ಮಾಡಿ ಓದಬೇಡಿ. ಲ್ಯಾಪ್‌ಟಾಪ್‌ನಲ್ಲಿ ಓಡುತ್ತದೆ, ಕಾರ್ಟೆಕ್ಸ್-ಎಂ0 ಎಂಬ ಸಣ್ಣ ಆರ್ಮ್ ಪ್ರೊಸೆಸರಿನಲ್ಲಿ ವಿಳಾಸ ನಾಲ್ಕರ ಲೆಕ್ಕಕ್ಕೆ ಸರಿ ಇಲ್ಲದಿದ್ದರೆ ಫಾಲ್ಟ್. ಮೆಮ್‌ಕಾಪಿ ಬಳಸಿ, ಇಲ್ಲವೇ ಬೈಟ್ ಬೈಟ್ ಸೇರಿಸಿ. ಸೇರಿಸುವಾಗ ಬೈಟನ್ನು 24 ಬಿಟ್ ಎಡಕ್ಕೆ ಸರಿಸುವ ಮೊದಲು ಅನ್‌ಸೈನ್ಡ್ 32 ಬಿಟ್ ಮಾಡಿಕೊಳ್ಳಿ. ಇಲ್ಲದಿದ್ದರೆ ಮೇಲಿನ ಬಿಟ್ ಒಂದಿದ್ದಾಗ ಸೈನ್ಡ್ ಇಂಟ್ ತುಂಬಿ ಉಕ್ಕುತ್ತದೆ. ಟೇಬಲ್ ಇದ್ದರೆ ಕಾನ್‌ಸ್ಟ್ ಹಾಕಿ. ಹಾಕದಿದ್ದರೆ ಅದು ಫ್ಲ್ಯಾಶ್‌ನಲ್ಲೂ ಜಾಗ ತಿಂದು ರ್‍ಯಾಮ್‌ನಲ್ಲೂ ತಿನ್ನುತ್ತದೆ. ರೌಂಡ್ ಕೀಗಳಿಗೆ 128 ಬಿಟ್‌ನಲ್ಲಿ 176 ಬೈಟ್, 256 ಬಿಟ್‌ನಲ್ಲಿ 240 ಬೈಟ್ ಬೇಕು. ಆ ಜಾಗವನ್ನು ಕರೆಯುವವರೇ ಕೊಡಲಿ, ನೀವು ಮ್ಯಾಲಕ್ ಮಾಡಬೇಡಿ.

ಕೆಲಸ ಮುಗಿದ ಮೇಲೆ ಕೀಯನ್ನು ಮೆಮ್‌ಸೆಟ್‌ನಿಂದ ಅಳಿಸಿದರೆ ಸಾಲದು. "ಇದನ್ನು ಮತ್ತೆ ಯಾರೂ ಓದುವುದಿಲ್ಲ" ಅಂತ ಕಂಪೈಲರ್ ಆ ಸಾಲನ್ನೇ ತೆಗೆದುಹಾಕಬಹುದು. ಸಿ23ರಲ್ಲಿ ಇದಕ್ಕೆಂದೇ ಮೆಮ್‌ಸೆಟ್-ಎಕ್ಸ್‌ಪ್ಲಿಸಿಟ್ ಬಂದಿದೆ. ಹಳೆಯ ಕಂಪೈಲರ್ ಆದರೆ ವೊಲಟೈಲ್ ಪಾಯಿಂಟರ್ ಮೂಲಕ ಬರೆಯಿರಿ. ಟ್ಯಾಗ್ ಹೋಲಿಸಲು ಮೆಮ್‌ಸಿಎಂಪಿ ಬೇಡ, ಅದು ಮೊದಲ ವ್ಯತ್ಯಾಸಕ್ಕೇ ನಿಂತುಬಿಡಬಹುದು.

ಟೆಸ್ಟ್

ಫಿಪ್ಸ್ 197ರಲ್ಲೇ ಉದಾಹರಣೆ ಇದೆ. ಕೀಯ ಬೈಟ್‌ಗಳು ಸೊನ್ನೆಯಿಂದ ಹದಿನೈದರವರೆಗೆ ಸಾಲಾಗಿ, ಸಂದೇಶ ಹೆಕ್ಸಾದಲ್ಲಿ 00, 11, 22 ಹೀಗೆ 16 ಬೈಟ್. ಉತ್ತರದ ಮೊದಲ ಬೈಟ್ ಹೆಕ್ಸಾದಲ್ಲಿ 69 ಬರಬೇಕು. ಒಂದು ಸರಿ ಬಂತು ಅಂತ ನಿಲ್ಲಬೇಡಿ. ಬೈಟ್ ಬೈಟ್ ಬರೆದ ಆ ನಿಧಾನದ ಕೋಡ್ ಈಗ ಕೆಲಸಕ್ಕೆ ಬರುತ್ತದೆ. ರ್‍ಯಾಂಡಮ್ ಕೀ, ರ್‍ಯಾಂಡಮ್ ಸಂದೇಶ ಲಕ್ಷಗಟ್ಟಲೆ ಕೊಟ್ಟು ಅದರ ಉತ್ತರವನ್ನೂ ಬಿಟ್‌ಸ್ಲೈಸ್ ಉತ್ತರವನ್ನೂ ಹಾರ್ಡ್‌ವೇರ್ ಉತ್ತರವನ್ನೂ ಹೋಲಿಸಿ. ಬಫರನ್ನು ಬೇಕೆಂದೇ ಒಂದು ಬೈಟ್ ಆಚೆ ಸರಿಸಿ ಕೊಡಿ. ಇನ್‌ಪುಟ್ ಮತ್ತು ಔಟ್‌ಪುಟ್ ಒಂದೇ ಜಾಗ ಆದಾಗ ನೋಡಿ. ಬ್ಲಾಕ್ ಸಂಖ್ಯೆ ಬೆಸ ಇದ್ದಾಗ ನೋಡಿ, ಬಿಟ್‌ಸ್ಲೈಸ್ ಎಡವುವುದು ಅಲ್ಲೇ.

ಸಮಯ ಸೋರುತ್ತದಾ ಅಂತ ನೋಡಲು ಒಂದು ಹಳೆಯ ಉಪಾಯ ಚೆನ್ನಾಗಿದೆ. ವಾಲ್‌ಗ್ರೈಂಡ್ ಎಂಬ ಮೆಮೊರಿ ತಪಾಸಣೆ ಮಾಡುವ ಪ್ರೋಗ್ರಾಂಗೆ ಕೀಯ ಮೆಮೊರಿಯನ್ನು "ಇದರಲ್ಲಿ ಎಂತ ಇದೆ ಅಂತ ಇನ್ನೂ ತುಂಬಿಲ್ಲ" ಅಂತ ಗುರುತು ಹಾಕಿ ಕೊಡುವುದು. ಆ ಡೇಟಾದಿಂದ ಇಫ್ ಅಥವಾ ವಿಳಾಸ ಹುಟ್ಟಿದ ಕೂಡಲೇ ಅದು ಕೂಗುತ್ತದೆ. ಪ್ರತಿ ಸಲ ಕಂಪೈಲರ್ ವರ್ಷನ್ ಬದಲಾದಾಗ ಮತ್ತೆ ಓಡಿಸಿ, ನೀವು ಇಫ್ ಇಲ್ಲದೆ ಬರೆದದ್ದಕ್ಕೆ ಕಂಪೈಲರ್ ಇಫ್ ಹಾಕಿದ ಉದಾಹರಣೆಗಳು ಉಂಟು.

ಹಾಗಾದರೆ ಯಾರಿಗೆ ಯಾವುದು?

ಸರ್ವರ್: ಎಇಎಸ್-ಎನ್‌ಐ, ಜಿಸಿಎಂ, ಎಇಎಸ್-ಎನ್‌ಐ ಇಲ್ಲದ ಮೆಷಿನ್ ಆದರೆ 64 ಬಿಟ್ ಬಿಟ್‌ಸ್ಲೈಸ್. ಟಿಕೆಟ್ ಮೆಷಿನ್: 32 ಬಿಟ್ ಬಿಟ್‌ಸ್ಲೈಸ್, ಸಿಸಿಎಂ. ಬ್ಲಾಕ್ ಸೈಫರ್ ಬೇಕೇಬೇಕು ಅಂತ ಯಾರೂ ಹಟ ಮಾಡದಿದ್ದರೆ ಚಾಚಾ20 ಮತ್ತು ಟ್ಯಾಗ್ ಲೆಕ್ಕಕ್ಕೆ ಪಾಲಿ1305. ಬೋಟ್: ಚಿಪ್‌ನ ಹಾರ್ಡ್‌ವೇರ್, ಸಿಸಿಎಂ, ಕೌಂಟರ್ ಫ್ಲ್ಯಾಶ್‌ನಲ್ಲಿ. ಡಿಪೋದಲ್ಲಿ ರಾಸ್ಪ್‌ಬೆರಿ ಪೈ 4 ಇಟ್ಟು ಡೇಟಾ ಕೂಡಿಸುವುದಾದರೆ ಚಾಚಾ20. ಟಿ-ಟೇಬಲ್ ಎಲ್ಲಿಗೂ ಇಲ್ಲ. ವೇಗ ಸಾಲದು ಅಂತ ಅಳೆದು ತೋರಿಸಿದರೆ ಮಾತ್ರ, ಕ್ಯಾಶೆ ಇಲ್ಲದ ಚಿಪ್ ಅಂತ ಖಾತ್ರಿ ಇದ್ದರೆ ಮಾತ್ರ, ಆ ಮಾತು ಎತ್ತೋಣ.

ಬೋಟಿನ ವಿಷಯದಲ್ಲಿ ಮತ್ತೊಂದು. ಟಿಕೆಟ್ ಮೆಷಿನ್ ದಿನಾ ರಾತ್ರಿ ಡಿಪೋಗೆ ಬರುತ್ತದೆ, ಯಾವಾಗ ಬೇಕಾದರೂ ಅಪ್‌ಡೇಟ್ ಹಾಕಬಹುದು. ಬೋಟ್‌ಗಳು ಎಲ್ಲ ಒಟ್ಟಿಗೆ ದಡದಲ್ಲಿ ಸಿಗುವುದು ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ. ಸೈಫರ್ ಅಥವಾ ಮೋಡ್ ಬದಲಿಸುವುದಿದ್ದರೆ ಆ ಎರಡು ತಿಂಗಳೇ ಗತಿ. ಹಾಗಾಗಿ ಪ್ಯಾಕೆಟ್‌ನ ಮೊದಲ ಬೈಟನ್ನು ವರ್ಷನ್‌ಗೆ ಮೀಸಲಿಡಿ, ಅದನ್ನು ಎನ್‌ಕ್ರಿಪ್ಟ್ ಮಾಡಬೇಡಿ, ಆದರೆ ಟ್ಯಾಗ್ ಲೆಕ್ಕದಲ್ಲಿ ಸೇರಿಸಿ. ಹಳೆಯ ಬೋಟ್, ಹೊಸ ಬೋಟ್ ಎರಡನ್ನೂ ಸರ್ವರ್ ಒಂದು ವರ್ಷ ಒಟ್ಟಿಗೆ ಓದಬೇಕಾಗುತ್ತದೆ, ಅದಕ್ಕೆ ಈಗಲೇ ಜಾಗ ಮಾಡಿ.